ಖಾಲಿ ತೋಟೆಗಳ ವಿಂಗಡಣೆ ಮತ್ತು ಮರುಬಳಕೆ

ಸೆಪ್ಟೆಂಬರ್ ಆರಂಭದಲ್ಲಿ ಬರುವ, ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಮುಹೂರ್ತದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದು ಎಲ್ಲರೂ ಊಟಕ್ಕೆ ಮರಳಿದ ಮೇಲೆ, 12 ಬೋರ್ ಅಳತೆಯ ಖಾಲಿ ತೋಟೆಗಳು, ಅಂದರೆ ಗುಂಡು-ಮದ್ದು ತುಂಬಿದ್ದ ಕೊಳವೆಗಳು, ಮೈದಾನದ ಹುಲ್ಲಿನಲ್ಲೇ ಉಳಿದುಬಿಡುತ್ತವೆ. ಮರುದಿನ ಅದೇ ಹುಲ್ಲನ್ನು ದನಗಳು ಮೇಯುತ್ತವೆ. ಆದುದರಿಂದ ಅಂದೇ ಸಂಜೆ ತೋಟೆಗಳನ್ನೂ, ಗುಂಡಿನೊಡನೆ ಹಾರಿ ಮುಂದೆ ಬಿದ್ದಿರುವ, ಮದ್ದಿಗೂ ಗುಂಡಿಗೂ ನಡುವೆ ಇರುವ ಪ್ಲಾಸ್ಟಿಕ್ ವ್ಯಾಡ್‌ಗಳನ್ನೂ ಹೆಕ್ಕಿಬಿಡಬೇಕು.

ಹೆಕ್ಕಿದವುಗಳಲ್ಲಿ ಸಿಡಿಯದೆ ಉಳಿದ ತೋಟೆ ಸೇರಿಕೊಂಡಿದೆಯೇ ಎಂದು ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡುವುದು ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಹಾರಿದ ತೋಟೆಯ ಬಾಯಿ ಹೂವಿನ ಎಸಳಿನಂತೆ ಬಿಚ್ಚಿಕೊಂಡಿರುತ್ತದೆ, ಒಳಗೆ ಟೊಳ್ಳಾಗಿರುತ್ತದೆ. ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕ್ಯಾಪಿನ ಮೇಲೆ ಪೆಟ್ಟಿನ ಗುರುತಿದ್ದೂ ಬಾಯಿ ಮುಚ್ಚಿಕೊಂಡೇ ಇದ್ದರೆ, ಅದರಲ್ಲಿ ಮದ್ದು ಹಾಗೆಯೇ ಇದೆ ಎಂದು ತಿಳಿದು, ಬಿಚ್ಚಲು ಹೋಗದೆ ಪ್ರತ್ಯೇಕವಾಗಿಟ್ಟು, ಪರವಾನಗಿಯುಳ್ಳ ಕೋವಿ ಅಂಗಡಿಯವರನ್ನೋ ಪೊಲೀಸರನ್ನೋ ವಿಚಾರಿಸಬೇಕು. ನಮ್ಮ ಮನೆಯಲ್ಲಿ ಒಮ್ಮೆ ಖಾಲಿ ಎಂದುಕೊಂಡು ತರಗೆಲೆಯ ಬೆಂಕಿಗೆ ಸುರಿದ ರಾಶಿಯಲ್ಲಿ ಅಂಥದೊಂದು ಸಿಡಿದು, ಕ್ಯಾಪಿನ ಚೂರು ಜಗಲಿಯ ಕಂಬಕ್ಕೆ ಬಂದು ನಾಟಿತ್ತು. ಆ ಕಂಬದ ಪಕ್ಕದಲ್ಲೇ ಮಕ್ಕಳು ಆಡುತ್ತಿದ್ದರು. ಖಾಲಿಯದಾದರೂ ತೋಟೆಯನ್ನು ಒಲೆಗೆ ಹಾಕಲೇಬಾರದು.

ಕ್ಯಾಪಿನ ಮಸಿಯಲ್ಲಿ ಸಾಮಾನ್ಯವಾಗಿ ಸೀಸದ ಅಂಶವಿರುತ್ತದೆ. ಹಾಗಾಗಿ ಕೈಗವಸು ಹಾಕಿಕೊಂಡು, ಒಣ ಬ್ರಷ್ಷಿನಿಂದ ಉಜ್ಜದೆ, ಸೋಪಿನ ನೀರಿನಲ್ಲಿ ನೆನೆಸಿ ಒದ್ದೆಬಟ್ಟೆಯಿಂದ ಒರೆಸಬೇಕು. ಆ ನೀರನ್ನು ಬಾವಿಯ ಬಳಿ ಅಥವಾ ತರಕಾರಿ ಪಾತಿಗೆ ಚೆಲ್ಲಬಾರದು. ಇದೇ ಕಾರಣಕ್ಕೆ ಖಾಲಿ ತೋಟೆಯಿಂದ ಮಕ್ಕಳ ಆಟಿಕೆಯನ್ನಾಗಲಿ, ಅಡುಗೆಮನೆಯ ಡಬ್ಬಿಯನ್ನಾಗಲಿ ಮಾಡುವುದು ಸರಿಯಲ್ಲ.

ಬುಡದ ಲೋಹಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ಹಿತ್ತಾಳೆಯ ಲೇಪವಿರುವ ಉಕ್ಕು, ಅಂಟದಿದ್ದರೆ ಸಾಮಾನ್ಯವಾಗಿ ಹಿತ್ತಾಳೆ. ಗುಜರಿಗೆ ಕೊಡುವುದಾದರೆ ಪ್ಲಾಸ್ಟಿಕ್ ಕೊಳವೆಯನ್ನು ಲೋಹದ ಅಂಚಿಗೆ ಸರಿಯಾಗಿ ಕತ್ತರಿಸಿ ಬೇರ್ಪಡಿಸಿ ಕೊಡಿ; ಆಗ ಮತ್ತೆ ಯಾರೂ ಅದಕ್ಕೆ ಮದ್ದು ತುಂಬಲಾರರು. ಕೊಡಗಿನಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟೆ ತಯಾರಿಸುವುದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಮನೆಯಲ್ಲಿ ಮರುಭರ್ತಿ ಮಾಡುವ ಯೋಚನೆ ಬೇಡ.

ಮನೆಯಲ್ಲೇ ಬಳಸುವುದಾದರೆ ದೀಪದ ಸರ ನನಗೆ ಅತ್ಯಂತ ಪ್ರಿಯವಾದದ್ದು. ಹಾರಿದ ಕ್ಯಾಪನ್ನು ಕೊಳವೆಯ ಒಳಗಿನಿಂದ ಮೊಂಡು ಮೊಳೆಯಿಟ್ಟು ಮೆಲ್ಲಗೆ ತಟ್ಟಿ ಹೊರದಬ್ಬಿದರೆ, ಬುಡದಲ್ಲಿ ಸುಮಾರು 6 ಮಿಲಿಮೀಟರ್ ಅಗಲದ ದುಂಡನೆಯ ರಂಧ್ರ ಉಳಿಯುತ್ತದೆ. ಅದರಲ್ಲಿ ಸಣ್ಣ ಎಲ್‌ಇಡಿ ಸರದ ಒಂದೊಂದು ಬಲ್ಬನ್ನು ಇಳಿಸಿ, ತೋಟೆಯನ್ನು ಬಾಯಿ ಕೆಳಗಾಗಿ ತೂಗುಬಿಟ್ಟರೆ, ಬಿಚ್ಚಿದ ಎಸಳುಗಳ ನಡುವಿನಿಂದ ಬೆಳಕು ಇಳಿದು, ಕೆಂಪು ಕೊಳವೆ ಒಳಗಿನಿಂದ ಕೆಂಡದಂತೆ ಹೊಳೆಯುತ್ತದೆ. ಹಳೆಯ ಬಿಸಿಬಲ್ಬುಗಳನ್ನು ಬಳಸಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಹಿತ್ತಾಳೆಯ ಬುಡವನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಸಾಕು; ಕೊಡಗಿನ ಹುಳಿರಸವಾದ ಕಾಚಂಪುಳಿಯನ್ನು ಹಂದಿಮಾಂಸದ ಪಂದಿಕರಿಗೇ ಉಳಿಸಿಕೊಳ್ಳಿ. ಕೈಲ್‌ಮುಹೂರ್ತದಲ್ಲಿ ಹೆಕ್ಕಿದ ಇಪ್ಪತ್ತು ತೋಟೆಗಳ ಸರ ಸುಗ್ಗಿಹಬ್ಬವಾದ ಹುತ್ತರಿಯ ರಾತ್ರಿ ನಮ್ಮ ಜಗಲಿಯಲ್ಲಿ ಉರಿಯುತ್ತದೆ.