ಎರಡೂವರೆಗೆ ಲ್ಯಾಪ್‌ಟಾಪ್ ಮುಚ್ಚಿ, ನೀರಿನ ಜೊತೆ ನಡೆಯಿರಿ

ದಕ್ಷಿಣ ಸ್ಪೇನಿನ ಸಿಯೆರಾ ನೆವಾಡಾ ಬೆಟ್ಟದ ಮಗ್ಗುಲಲ್ಲಿ ಕಪಿಲೇಯ್ರಾ ಅನ್ನೋ ಪುಟ್ಟ ಊರಿದೆ. ಎತ್ತರ 1,436 ಮೀಟರ್. ಸುಣ್ಣ ಬಳಿದ ಬಿಳಿ ಮನೆಗಳು, ಚಪ್ಪಟೆ ಮಾಳಿಗೆ, ಅದರ ಮೇಲೆ ಬೂದು ಬಣ್ಣದ ಮಣ್ಣು. ಮೇ, ಜೂನ್ ತಿಂಗಳಲ್ಲಿ ಆರು ವಾರ ಅಲ್ಲಿದ್ದುಕೊಂಡೇ ಬೆಂಗಳೂರಿನ ಆಫೀಸ್ ಕೆಲಸ ಮಾಡಿದೆ. ಹಾಗೆ ಹೋಗುವವರಿಗೆ ಮೊದಲು ಹೇಳಬೇಕಾದ್ದು ಗಡಿಯಾರದ ವಿಷಯ.

ಆ ತಿಂಗಳುಗಳಲ್ಲಿ ಸ್ಪೇನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ನಮ್ಮ ಒಂಬತ್ತೂವರೆ ಅಂದ್ರೆ ಅಲ್ಲಿ ಬೆಳಿಗ್ಗೆ ಆರು. ಇಲ್ಲಿ ಆರಕ್ಕೆ ಕೆಲಸ ಮುಗಿದಾಗ ಅಲ್ಲಿನ್ನೂ ಮಧ್ಯಾಹ್ನ ಎರಡೂವರೆ. ಸೂರ್ಯ ಮುಳುಗೋದು ರಾತ್ರಿ ಒಂಬತ್ತು ದಾಟಿದ ಮೇಲೆ! ಆರೂವರೆ ಗಂಟೆಗಿಂತ ಜಾಸ್ತಿ ಬೆಳಕು ನಿಮ್ಮದೇ. ಒಂದು ತೊಡಕಿದೆ: ಎರಡರಿಂದ ಐದರವರೆಗೆ ಅಂಗಡಿಗಳು ಸಾಮಾನ್ಯವಾಗಿ ಬಾಗಿಲು ಹಾಕಿರುತ್ತವೆ. ಬ್ರೆಡ್ಡು, ಹಣ್ಣು ಹಿಂದಿನ ಸಂಜೆಯೇ ತಂದಿಟ್ಟುಕೊಳ್ಳಿ. ಊಟ ಮಾಡಿ, ಬಿಸಿಲು ಇಳಿಯಲು ಬಿಟ್ಟು, ಐದಕ್ಕೆ ಹೊರಡಿ.

ಮೊದಲ ದಿನ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಸುಮ್ನೆ ಇಳಿಜಾರು ನೋಡಿಕೊಂಡು ಕೆಳಗಿನ ಬುಬಿಯೋನ್ ಊರು ದಾಟಿ ಅದರಾಚೆಯ ಪಂಪನೇಯ್ರಾ ಊರಿನವರೆಗೆ ಇಳಿದುಬಿಟ್ಟೆ. ಇಳಿಯೋದು ಹಾಯಾಗಿತ್ತು. ವಾಪಸ್ ಬರುವಾಗ ಹತ್ತಿರ ಹತ್ತಿರ 400 ಮೀಟರ್ ಏರಬೇಕಾಯಿತು, ಮನೆ ಮುಟ್ಟುವಷ್ಟರಲ್ಲಿ ಮೊಣಕಾಲು ನಡುಗುತ್ತಿತ್ತು. ಕೆಲಸದ ದಿನ ಊರಿನಿಂದ ಮೇಲಕ್ಕೆ, ಪೊಕೇಯ್ರಾ ಕಣಿವೆಯ ಕಡೆಗೆ ಹೋಗಿ. ದಣಿದಾಗ ಇಳಿದು ಬರಬಹುದು. ಪಂಪನೇಯ್ರಾಕ್ಕೆ ಇಳಿಯೋದಾದರೆ ವಾಪಸ್ ಬಸ್ಸಿನ ಹೊತ್ತು ಮೊದಲೇ ಕೇಳಿಟ್ಟುಕೊಳ್ಳಿ.

ದಾರಿಯ ಗುರುತು ಸುಲಭ. ಬಿಳಿ–ಹಳದಿ ಪಟ್ಟೆ ಅಂದ್ರೆ ಹತ್ತಿರದ ದಾರಿ, ಬಿಳಿ–ಕೆಂಪು ಅಂದ್ರೆ ದೂರ ಹೋಗುವ ದಾರಿ. ಎರಡು ಪಟ್ಟೆ ಅಡ್ಡಡ್ಡ ಕತ್ತರಿಸಿದ್ದರೆ ಆ ಕಡೆ ಹೋಗಬೇಡಿ ಅಂತ.

ಇನ್ನು ನನಗೆ ತುಂಬಾ ಇಷ್ಟವಾದ ವಿಷಯ, ನೀರು. ಅಲ್ಲಿನ ಕಾಲುವೆಗೆ ಅಸೆಕಿಯಾ ಅಂತಾರೆ, ಅರಬ್ಬಿಯಿಂದ ಬಂದ ಮಾತು. ಮಧ್ಯಯುಗದಲ್ಲಿ ಸ್ಪೇನ್ ಆಳಿದ ಮುಸ್ಲಿಮರ, ಅಂದ್ರೆ ‘ಮೂರ್’ ಜನರ ಕಾಲದಿಂದ ಬಂದ ಪದ್ಧತಿ ಇದು. ಮೇಲೆ ಕರಗಿದ ಹಿಮದ ನೀರನ್ನು ಬೆಟ್ಟದ ಮೈಗುಂಟ ಸಾಗಿಸಿ, ಕೆಲವು ಕಡೆ ಬೇಕೆಂದೇ ನೆಲಕ್ಕೆ ಬಿಟ್ಟು ಇಂಗಿಸುತ್ತಾರೆ. ಅದೇ ನೀರು ಕೆಳಗೆಲ್ಲೋ ಒರತೆಯಾಗಿ ಏಳುತ್ತದೆ, ಬೇಸಿಗೆಯಲ್ಲಿ ಹೊಲಕ್ಕೆ ಆಗುತ್ತದೆ. ಎಷ್ಟು ಜಾಣತನ ಅಲ್ವಾ? ನಡೆಯುವವರಿಗೂ ಲಾಭ ಇದೆ. ಕಾಲುವೆಯ ಪಕ್ಕದ ಕಾಲುದಾರಿಯಲ್ಲಿ ಏರಿಳಿತ ಕಡಿಮೆ, ಚೆಸ್ಟ್‌ನಟ್ ಮರಗಳ ನೆರಳು ಜಾಸ್ತಿ. ಒಂದೊಂದು ಕಡೆ ಚಪ್ಪಟೆ ಕಲ್ಲು ನಿಲ್ಲಿಸಿ, ಸಂದಿಗೆ ಹುಲ್ಲು ಸಮೇತ ಮಣ್ಣಿನ ಹೆಂಟೆ ಒತ್ತಿರುತ್ತಾರೆ. ನೀರು ತಿರುಗಿಸುವ ಬಾಗಿಲು ಅದು. ಮುಟ್ಟಬೇಡಿ. ಆ ಹೊತ್ತಿನ ನೀರು ಯಾರದೋ ಹೊಲದ ಪಾಳಿ.

ಕುಡಿಯೋಕೆ ಮಾತ್ರ ಕಾಲುವೆ ನೀರು ಬೇಡ. ಊರಿನ ಕಲ್ಲಿನ ನಲ್ಲಿಗಳಲ್ಲಿ ಬಾಟಲಿ ತುಂಬಿಸಿ, ‘ನೋ ಪೊತಾಬ್ಲೆ’ (ಕುಡಿಯೋಕಾಗಲ್ಲ) ಅಂತ ಬರೆದಿದ್ದರೆ ಬಿಟ್ಟುಬಿಡಿ. ಮೇಲೆ ಮುಲಾಸೆನ್ ಶಿಖರ ಇದೆ, 3,479 ಮೀಟರ್. ಮೇ ತಿಂಗಳಲ್ಲೂ ಅಲ್ಲಿ ಹಿಮ ಇರುತ್ತದೆ, ಸಂಜೆ ಸುತ್ತಾಟಕ್ಕೆ ಅದು ಅಲ್ಲ. ತೆಳು ಜಾಕೆಟ್ ಇರಲಿ, ನೆರಳು ಬಿದ್ದ ಕೂಡಲೇ ಚಳಿ ಶುರು. ತುರ್ತು ಇದ್ದರೆ 112ಕ್ಕೆ ಕರೆ ಮಾಡಿ.

ಬಂಡೆಗಳ ಕಡೆಯಿಂದ ಚೂಪಾದ ಶಿಳ್ಳೆ ಕೇಳಿಸಿದರೆ ನಿಂತುಬಿಡಿ. ಅದು ಕಾಡುಮೇಕೆ ತನ್ನವರಿಗೆ ಕೊಡುವ ಎಚ್ಚರಿಕೆ. ಕದಲದೆ ಮೇಲೆ ನೋಡಿ. ಜೂನ್‌ನ ಒಂದು ಸಂಜೆ ತಾಯಿಮೇಕೆ ಒಂದೇ ನೆಗೆತಕ್ಕೆ ಕಾಲುವೆ ದಾಟಿತು. ಮರಿ ದಡದಲ್ಲೇ ನಿಂತು, ಮುಂಗಾಲು ನೀರಿಗೆ ಅದ್ದಿ ತೆಗೆದು, ಮತ್ತೆ ಅದ್ದಿತು. ಅದು ದಾಟುವವರೆಗೂ ನಾನು ಬಾಟಲಿ ಮುಚ್ಚಳ ಕೂಡ ತಿರುಗಿಸಲಿಲ್ಲ.