ಡಿವಿಆರ್ ಪೋರ್ಟ್ ತೆರೆಯದೆ ಹೊರಗಿಂದ ಸಿಸಿಟಿವಿ ನೋಡುವುದು ಹೇಗೆ
ಕ್ಯಾಮೆರಾ ಹಾಕಲು ಬಂದವರು ರೂಟರ್‌ನಲ್ಲಿ 554, 8000 ಇಲ್ಲವೇ 37777 ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿಂದ ನೇರ ಡಿವಿಆರ್‌ಗೆ, ಅಂದರೆ ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆಗೆ, ದಾರಿ ತೆರೆದು) ಹೋಗಿದ್ದರೆ ಮೊದಲು ಅದನ್ನು ಅಳಿಸಿ, ಸಾಧನಗಳು ತಾವೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿಯನ್ನೂ ಆಫ್ ಮಾಡಿ. 2016ರಲ್ಲಿ ಮಿರಾಯ್ ಬಾಟ್‌ನೆಟ್ (ಸೋಂಕಿತ ಸಾಧನಗಳ ಜಾಲ) ಡಿವಿಆರ್‌ಗಳೊಳಗೆ ನುಗ್ಗಿದ್ದು ಯಾರೂ ಬದಲಿಸದೆ ಬಿಟ್ಟ ಫ್ಯಾಕ್ಟರಿ ಪಾಸ್‌ವರ್ಡ್‌ಗಳಿಂದ. ನಿಮ್ಮದನ್ನು ಈಗಲೇ ಬದಲಿಸಿ.

ಡಿವಿಆರ್‌ಗೆ ರೂಟರ್‌ನಲ್ಲಿ ಒಂದು ಐಪಿ ಕಾಯ್ದಿರಿಸಿ, ಉದಾಹರಣೆಗೆ 192.168.37.50. ಹಲವರ ಮನೆಯಲ್ಲಿ ಇರುವ 192.168.1 ಸರಣಿ ಬೇಡ. ಆಫೀಸಿನ ವೈಫೈಯೂ ಅದೇ ಆಗಿದ್ದರೆ ಫೋನ್ ನಿಮ್ಮ ಡಿವಿಆರನ್ನು ಆಫೀಸಿನಲ್ಲೇ ಹುಡುಕುತ್ತದೆ.

ಇನ್ನು ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರೊಳಗಿದ್ದರೆ ನೀವು ಸಿಜಿನ್ಯಾಟ್ (ಒಂದೇ ಪಬ್ಲಿಕ್ ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ, ಹೊರಗಿನ ಸಂಪರ್ಕ ಒಳಗೆ ಬರುವುದೇ ಇಲ್ಲ. ಇಂಟರ್ನೆಟ್ ಕಂಪನಿಯಿಂದ ಸ್ಟ್ಯಾಟಿಕ್ ಐಪಿ ಕೊಳ್ಳಿ, ಇಲ್ಲವೇ ಪಬ್ಲಿಕ್ ಐಪಿ ಇಲ್ಲದೆಯೂ ನಡೆಯುವ ವಿಪಿಎನ್ (ಫೋನಿನಿಂದ ಮನೆಯ ಜಾಲಕ್ಕೆ ಗುಪ್ತ ಸುರಂಗ) ಸೇವೆ ಟೇಲ್‌ಸ್ಕೇಲ್ ಬಳಸಿ.

ಪಬ್ಲಿಕ್ ಐಪಿ ಇದ್ದರೆ ರೂಟರ್‌ನಲ್ಲೇ ವೈರ್‌ಗಾರ್ಡ್ ವಿಪಿಎನ್ ಆನ್ ಮಾಡಿ, ಅದರ ಪೋರ್ಟ್ ಯುಡಿಪಿ 51820. ಪ್ರತಿ ಫೋನಿಗೂ ಬೇರೆ ಪೀರ್ (ವೈರ್‌ಗಾರ್ಡ್‌ನಲ್ಲಿ ಆ ಫೋನಿನ ನಮೂದು) ಇರಲಿ. ಫೋನ್ ಕಳೆದುಹೋದರೆ ಅದೊಂದನ್ನೇ ಅಳಿಸಿದರಾಯಿತು. ಫೋನಿನಲ್ಲಿ ಅಲೌಡ್ ಐಪಿ (ವಿಪಿಎನ್ ಮೂಲಕ ಹೋಗಬೇಕಾದ ವಿಳಾಸಗಳು) ಜಾಗದಲ್ಲಿ 192.168.37.0/24 ಸಾಕು. ಪರೀಕ್ಷೆ ಮಾತ್ರ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲೇ ಮಾಡಿ. ಹ್ಯಾಂಡ್‌ಶೇಕ್ (ಫೋನ್ ಮತ್ತು ರೂಟರ್ ನಡುವೆ ಸಂಪರ್ಕ) ಆಗಿಯೂ ಚಿತ್ರ ಬರದಿದ್ದರೆ ಡಿವಿಆರ್‌ನ ಗೇಟ್‌ವೇ ನೋಡಿ: ಅಲ್ಲಿ ರೂಟರ್‌ನ ವಿಳಾಸ ಇಲ್ಲದಿದ್ದರೆ ಉತ್ತರ ವಾಪಸ್ ಬರಲು ದಾರಿಯೇ ಇರುವುದಿಲ್ಲ. ಚಿತ್ರ ತಡೆದು ತಡೆದು ಬಂದರೆ ಸಬ್‌ಸ್ಟ್ರೀಮ್‌ಗೆ (ಕಡಿಮೆ ಗುಣಮಟ್ಟದ ಚಿತ್ರಕ್ಕೆ) ಬದಲಿಸಿ.