ಡಾರ್ಟ್‌ಮೂರ್‌ನ ಕಲ್ಲುಗಳ ನಡುವೆ: ನಾನು ನೋಡಲು ಕಲಿತ ಬಗೆ

ಇಂಗ್ಲೆಂಡಿನ ನೈಋತ್ಯದ ಎಕ್ಸೆಟರ್‌ಗೆ ಬಂದ ಮೊದಲ ಬೇಸಿಗೆಯಲ್ಲಿ, ಹತ್ತಿರದ ಡಾರ್ಟ್‌ಮೂರ್ ಎಂಬ ಎತ್ತರದ ಬಯಲುನಾಡಿಗೆ, ಅಲ್ಲಿನ ಮೆರಿವೇಲ್‌ನ ಕಲ್ಲುಸಾಲು ನೋಡಲು ಹೋಗಿದ್ದೆ. ಸಾವಿರಾರು ವರ್ಷ ಹಿಂದಿನ ಜನ ಸಾಲಾಗಿ ನೆಟ್ಟ ಕಲ್ಲುಗಳವು. ಆಳೆತ್ತರದ ಕಂಬಗಳ ಸಾಲು ಇರಬೇಕೆಂದುಕೊಂಡು ಅರ್ಧ ಗಂಟೆ ಹುಡುಕಿದೆ. ಆ ಹೊತ್ತಿನಲ್ಲಿ ಎರಡು ಸಲವಾದರೂ ಸಾಲನ್ನು ದಾಟಿರಬೇಕು. ಕಲ್ಲುಗಳಲ್ಲಿ ಹೆಚ್ಚಿನವು ಮೊಣಕಾಲಿಗೂ ಬರುವುದಿಲ್ಲ. ನಡುಹಗಲ ಬಿಸಿಲಲ್ಲಿ ಹುಲ್ಲು, ಕುರಿ, ಕಲ್ಲು ಎಲ್ಲ ಒಂದೇ ಆಗಿ ಕಾಣುತ್ತಿದ್ದವು.

ಡಿಸೆಂಬರ್‌ನಲ್ಲಿ ಮತ್ತೆ ಹೋದೆ. ಮಧ್ಯಾಹ್ನ ಮೂರಕ್ಕೇ ಸೂರ್ಯ ಗುಡ್ಡದ ಅಂಚಿಗೆ ಇಳಿದಿದ್ದ. ಪ್ರತಿ ಕಲ್ಲಿನ ಹಿಂದೆ ಉದ್ದನೆಯ ನೆರಳು ಬಿದ್ದಿತ್ತು, ಆ ನೆರಳುಗಳೇ ಸಾಲನ್ನು ತೋರಿಸಿಕೊಟ್ಟವು. ಅಲ್ಲಿ ಎರಡು ಜೋಡಿಸಾಲುಗಳಿವೆ, ಉದ್ದನೆಯದು 260 ಮೀಟರ್‌ಗೂ ಮಿಕ್ಕಿದೆ. ಮೂಡಣ ತುದಿಗೆ ಅಡ್ಡಲಾಗಿ ಒಂದು ಕಲ್ಲು ನಿಂತಿದೆ, ಬಾಗಿಲು ಹಾಕಿದ ಹಾಗೆ. ಅಂದಿನಿಂದ ನಾನು ಹಳೆಯ ಕಲ್ಲು ನೋಡಲು ಹೋಗುವುದು ಚಳಿಗಾಲದಲ್ಲಿ, ಬೆಳಿಗ್ಗೆ ಬೇಗ ಅಥವಾ ಸಂಜೆಗೆ ಮುಂಚೆ. ಆಗ ಜರೀಗಿಡವೂ ಒಣಗಿ ನೆಲಕ್ಕೆ ಬಿದ್ದಿರುತ್ತದೆ. ಕೈಯಲ್ಲಿ ಬ್ರಿಟನ್ನಿನ ನಕಾಶೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ನಕಾಶೆ. ಅದರಲ್ಲಿ ಪುರಾತನ ಜಾಗಗಳ ಹೆಸರನ್ನು ಗೋಥಿಕ್ ಎಂಬ ಹಳೆಗಾಲದ ಮಾದರಿಯ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಹೊರಡುವ ಮುಂಚೆ ಸೈನ್ಯದ ಗುಂಡಿನ ಅಭ್ಯಾಸದ ವೇಳಾಪಟ್ಟಿ ನೋಡಲೇಬೇಕು. ಬಡಗಣ ಬಯಲಿನ ಅಂಚಿನಲ್ಲಿ ಕೆಂಪು ಬಾವುಟ ಏರಿದ್ದರೆ ಒಳಗೆ ಕಾಲಿಡುವ ಹಾಗಿಲ್ಲ.

ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ಎರಡು ಗೆರೆ ಎಳೆದು ಮೂರು ಪಾಲು ಮಾಡಿಕೊಂಡೆ: ಕಣ್ಣಿಗೆ ಕಂಡದ್ದು, ಜನ ಹೇಳಿದ್ದು, ದಾಖಲೆಯಲ್ಲಿ ಇರುವುದು. ಮೊದಮೊದಲು ಇವನ್ನೆಲ್ಲ ಒಟ್ಟಿಗೇ ಬರೆಯುತ್ತಿದ್ದೆ. ಮನೆಗೆ ಬಂದು ಓದಿದರೆ ಯಾವುದು ಕಲ್ಲು, ಯಾವುದು ಕತೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಉದಾಹರಣೆಗೆ ಮೆರಿವೇಲ್‌ನಲ್ಲಿ ಗುಡಿಸಲುಗಳ ವೃತ್ತಾಕಾರದ ಪಾಯಗಳಿವೆ, ಕಂಚಿನ ಯುಗದವು. ಊರವರ ಬಾಯಲ್ಲಿ ಅದು 'ಪ್ಲೇಗ್ ಸಂತೆ'. 1625ರಲ್ಲಿ ಟ್ಯಾವಿಸ್ಟಾಕ್ ಪಟ್ಟಣಕ್ಕೆ ಪ್ಲೇಗ್ ಬಡಿದಾಗ ಬಯಲಿನ ಜನ ಇಲ್ಲಿ ಕಾಳುಕಡಿ ಇಟ್ಟು ದೂರ ಸರಿಯುತ್ತಿದ್ದರಂತೆ. ಪಟ್ಟಣದವರು ಬಂದು ದುಡ್ಡಿಟ್ಟು ಒಯ್ಯುತ್ತಿದ್ದರಂತೆ. ಆ 'ಅಂತೆ' ಎರಡನೆಯ ಪಾಲಿಗೇ ಸೇರಬೇಕು. ಹಾಗೆಂದು ಅದರ ಬೆಲೆ ಕಡಿಮೆಯಲ್ಲ. ಸಾವಿರಾರು ವರ್ಷ ಪಾಳುಬಿದ್ದ ಪಾಯಗಳನ್ನು ಹೊಸ ಕಷ್ಟವೊಂದು ಮತ್ತೆ ನೆನಪಿನೊಳಕ್ಕೆ ಎಳೆದುಕೊಂಡ ಬಗೆ ಅದರಲ್ಲಿದೆ.

ಗ್ರಿಮ್ಸ್‌ಪೌಂಡ್ ಎಂಬ ಕಂಚಿನ ಯುಗದ ನೆಲೆಯಲ್ಲಿ ಮೂರನೆಯ ಪಾಲು ನನ್ನನ್ನು ಎಚ್ಚರಿಸಿತು. ದೊಡ್ಡ ಸುತ್ತುಗೋಡೆಯೊಳಗೆ 24 ಗುಡಿಸಲುಗಳ ಕುರುಹು. ಒಂದರ ಬಾಗಿಲಿಗೆ ಮೊಣಕೈ ಮಡಿಸಿದಂತೆ ತಿರುಗಿದ ಕಿರುದಾರಿಯಿದೆ. ಅದನ್ನು ಹಾದು ಒಳಗೆ ಕುಕ್ಕರುಗಾಲಿನಲ್ಲಿ ಕೂತರೆ ಕಿವಿಯಲ್ಲಿ ಮೊರೆಯುತ್ತಿದ್ದ ಗಾಳಿ ತಟ್ಟನೆ ನಿಲ್ಲುತ್ತದೆ. ಕಟ್ಟಿದವರ ಲೆಕ್ಕಾಚಾರ ಮೈಗೇ ತಿಳಿಯಿತು ಎಂದು ಸಂತೋಷಪಟ್ಟಿದ್ದೆ. ಆಮೇಲೆ ಓದಿದೆ: 1894ರಲ್ಲಿ ಅಗೆದವರು ಕೆಲವು ಭಾಗಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ನಾನು ಕೂತ ಕಲ್ಲಿನ ಆಸರೆಯಲ್ಲಿ ಹಳಬರ ಕೈ ಎಷ್ಟು, ಅವರ ಕೈ ಎಷ್ಟು ಎಂಬ ಪ್ರಶ್ನೆ ಆ ಪುಟದಲ್ಲಿ ಇಂದಿಗೂ ಹಾಗೇ ಇದೆ.

ಅಲ್ಲಿಂದ ಮೇಲಿನ ಹ್ಯಾಮಲ್‌ಡೌನ್ ದಿಬ್ಬದಲ್ಲಿ ಒಮ್ಮೆ ಮಂಜು ಮುಚ್ಚಿ, ಒಂದು ಗಂಟೆ ನಡೆದು ಹೊರಟ ಗೋಡೆಗೇ ಬಂದು ನಿಂತಿದ್ದೆ. ಪಕ್ಕದ ಮನೆಯ ಅಜ್ಜಿಗೆ ಹೇಳಿದಾಗ ಅವರು ನಗಲಿಲ್ಲ. "ಪಿಕ್ಸಿಗಳು ದಾರಿ ತಪ್ಪಿಸಿವೆ. ಕೋಟು ಬಿಚ್ಚಿ ಒಳಮೈ ಹೊರಗೆ ಮಾಡಿ ಹಾಕಿಕೊಳ್ಳಬೇಕಿತ್ತು" ಎಂದರು. ಪಿಕ್ಸಿಗಳೆಂದರೆ ಅಲ್ಲಿನ ಜನಪದ ಕತೆಗಳ ಗಿಡ್ಡ ಮಾಯಾಜೀವಿಗಳು. ಕೋಟು ಬಿಚ್ಚಬೇಕಾದರೆ ನಿಲ್ಲಬೇಕು, ಚೀಲ ಇಳಿಸಬೇಕು, ಉಸಿರು ಹದಕ್ಕೆ ಬರುತ್ತದೆ. ಈಗ ಮಂಜು ಬಂದರೆ ನಾನು ಮಾಡುವುದು ಅದನ್ನೇ, ಆಮೇಲೆ ದಿಕ್ಸೂಚಿ ತೆಗೆಯುತ್ತೇನೆ.

ನನ್ನನ್ನು ಹೆಚ್ಚು ಕಾಡಿದ್ದು ಇಬ್ಬರು ಎಳೆಯರು. 2011ರಲ್ಲಿ ವೈಟ್‌ಹಾರ್ಸ್ ಹಿಲ್‌ನ ಜೌಗುಮಣ್ಣಿನಲ್ಲಿ ಒಂದು ಕಲ್ಲುಪೆಟ್ಟಿಗೆಯ ಗೋರಿ ತೆರೆದರು. ಸುಮಾರು 3,700 ವರ್ಷ ಹಿಂದಿನದು. ಸುಟ್ಟ ಮೂಳೆ ಎಳೆಯ ವಯಸ್ಸಿನವರದು, ಸುತ್ತ ಕರಡಿಯ ಚರ್ಮ, ನಾರಿನ ಬುಟ್ಟಿ, 200ಕ್ಕೂ ಹೆಚ್ಚು ಮಣಿ. ಕಿವಿಗೆ ಹಾಕುವ ಮರದ ಓಲೆಗಳೂ ಇದ್ದವು. ಎಷ್ಟು ಅಕ್ಕರೆಯಿಂದ ಕಳಿಸಿಕೊಟ್ಟಿದ್ದಾರೆ! ಇತ್ತ ಹೌಂಡ್ ಟಾರ್ ಎಂಬ ಬಂಡೆಗುಡ್ಡದ ಹತ್ತಿರದ ರಸ್ತೆಬದಿಯಲ್ಲಿ ಜೇ ಎಂಬ ಹುಡುಗಿಯ ಮಣ್ಣುದಿಬ್ಬ. ಅನಾಥೆ, ತೋಟದ ಮನೆಯೊಂದರಲ್ಲಿ ಕೆಲಸಕ್ಕಿದ್ದಳು, ನೇಣು ಹಾಕಿಕೊಂಡಳು, ಆತ್ಮಹತ್ಯೆಯಾದ್ದರಿಂದ ಚರ್ಚಿನ ನೆಲದಲ್ಲಿ ಜಾಗ ಕೊಡದೆ ದಾರಿ ಕೂಡುವಲ್ಲಿ ಹೂತರು ಎನ್ನುತ್ತದೆ ಕತೆ. 1860ರಲ್ಲಿ ಅಗೆಸಿದಾಗ ಮೂಳೆ ಸಿಕ್ಕಿತು, ಪೆಟ್ಟಿಗೆಯಲ್ಲಿಟ್ಟು ಅಲ್ಲೇ ಮತ್ತೆ ಹೂತರು. ಆ ದಿಬ್ಬದ ಮೇಲೆ ಹೂವು ಬಾಡುವುದಿಲ್ಲ, ಯಾರು ಇಡುತ್ತಾರೋ ಕಾಣುವುದಿಲ್ಲ ಎಂಬುದು ಕತೆಯ ಮುಂದಿನ ಭಾಗ.

ನಾನು ಹೋದ ದಿನ ಜ್ಯಾಮ್ ಬಾಟಲಿಯಲ್ಲಿ ಹಳದಿ ಪ್ರಿಮ್‌ರೋಸ್ ಇತ್ತು, ಪಕ್ಕದಲ್ಲಿ ನಾಲ್ಕಾರು ನಾಣ್ಯ. ಬಾಟಲಿಯ ನೀರು ತಿಳಿಯಾಗಿತ್ತು. ಮೊದಲನೆಯ ಪಾಲಿನಲ್ಲಿ ಅದನ್ನು ಬರೆದುಕೊಂಡೆ.